ಲಕೋಟೆಯೊಡನೆ ಅಂಚೆಚೀಟಿ: ಒಂದು ಸಂರಕ್ಷಣ ವಿಚಾರ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಒಪ್ಪಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡ ವಿಷಯ ಅಂಚೆಚೀಟಿ. ಅದರಲ್ಲಿಯೂ ಅಂಚೆಚೀಟಿಯನ್ನು ಅದು ಪಯಣಿಸಿದ ಲಕೋಟೆಯಿಂದ ಬೇರ್ಪಡಿಸದೆ ಕಾಪಾಡಿಕೊಳ್ಳುವ ವಿಚಾರ. ಇದು ಬಾಲಕರ ವಿನೋದವೆಂದು ಕೆಲವರಿಗೆ ತೋರಬಹುದು. ಆದರೆ ಹಳೆಯ ಬರಹವನ್ನು ಓದುವುದನ್ನೇ ವೃತ್ತಿಯಾಗಿ ಉಳ್ಳವನಿಗೆ ಇದು ಗ್ರಂಥಸಂಪಾದನೆಯ ಮೊದಲನೆಯ ಪಾಠವೇ ಆಗಿದೆ. ಆ ಪಾಠವನ್ನು ನಾನು ತಪ್ಪು ಮಾಡಿ ಕಲಿತವನಾದುದರಿಂದ, ಆ ತಪ್ಪನ್ನು ಅರಿಕೆ ಮಾಡಿಕೊಂಡು ಆರಂಭಿಸುವುದೇ ನ್ಯಾಯ.

ಒಂದು ಪ್ರಮಾದ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ವಿದ್ವತ್ ಪರೀಕ್ಷೆಯನ್ನು ಮುಗಿಸಿ ಈ ಶಾಲೆಗೆ ಹೊಸದಾಗಿ ಸೇರಿದ್ದ ನನಗೆ ವಿದ್ಯಾರ್ಥಿಗಳ ಹವ್ಯಾಸ ಸಂಘದ ಹೊಣೆಯನ್ನು ವಹಿಸಿದ್ದರು. ಉಗ್ರಾಣದ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರ ತುಂಬ ಹಳೆಯ ಕಾಗದಗಳ ಕಟ್ಟುಗಳು. ಶಾಲೆಯ ಕಟ್ಟಡಕ್ಕೂ ಪೀಠೋಪಕರಣಗಳಿಗೂ ಹಣ ಕೂಡಿಸುತ್ತಿದ್ದ ದಿನಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ಭಕ್ತರೂ ಬರೆದ ಪತ್ರಗಳು ಅವು. ಹುಡುಗರು ಅಂಚೆಚೀಟಿಗಳನ್ನು ಕಂಡು ಹಿಗ್ಗಿದರು. ನಾನೂ ಹಿಗ್ಗಿದೆ. ಒಂದು ಶನಿವಾರದ ಮಧ್ಯಾಹ್ನ, ನನ್ನ ಸಮ್ಮತಿಯಿಂದಲೇ, ಪತ್ರಗಳನ್ನು ಒಂದೆಡೆ ಜೋಡಿಸಿಟ್ಟು ಲಕೋಟೆಗಳ ಮೂಲೆಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿದೆವು. ನೀರಿನ ಬೋಗುಣಿಯಲ್ಲಿ ನೆನೆಹಾಕಿ, ಚೀಟಿಗಳನ್ನು ಬಿಡಿಸಿ, ಹಳೆಯ ವೃತ್ತಪತ್ರಿಕೆಯ ಮೇಲೆ ಆರಿಸಿ, ನಿಘಂಟಿನ ಸಂಪುಟಗಳ ಅಡಿಯಲ್ಲಿ ಒತ್ತಿಟ್ಟೆವು. ಮೂಲೆ ಹರಿದ ಲಕೋಟೆಗಳು ಅಂದು ಸಂಜೆ ಕಸದ ಬುಟ್ಟಿಯನ್ನು ಸೇರಿದವು. ಚೀಟಿಗಳ ಪುಸ್ತಕ ಬಹಳ ಚೆಲುವಾಗಿ ಸಿದ್ಧವಾಯಿತು. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂದಿತು.

ಮುಂದೆ ಕೆಲವು ವರ್ಷಗಳಾದ ಮೇಲೆ ಶಾಲೆಗೆ ನೆರವಾದವರ ಪಟ್ಟಿಯೊಂದನ್ನು ಸಿದ್ಧಪಡಿಸಬೇಕಾಯಿತು. ಆ ಕಾರ್ಯವೂ ನನ್ನ ಪಾಲಿಗೇ ಬಂದುದು ವಿಧಿಯ ಪರಿಹಾಸ. ಪತ್ರಗಳ ಕಟ್ಟನ್ನು ಬಿಚ್ಚಿ ಒಂದೊಂದನ್ನೇ ಓದುತ್ತ ಹೋದೆ. ಎಷ್ಟೋ ಪತ್ರಗಳಲ್ಲಿ ತಾರೀಖಿಲ್ಲ, ಕೆಲವಕ್ಕೆ ಊರಿಲ್ಲ, ಕೆಲವಕ್ಕೆ ಹೆಸರೇ ಇಲ್ಲ. ಬರೆದವರಿಗೆ ಅವುಗಳ ಅಗತ್ಯ ತೋರಿರಲಿಲ್ಲ, ಏಕೆಂದರೆ ಅವೆಲ್ಲವೂ ಲಕೋಟೆಯ ಮೇಲೆ ಇದ್ದವು.

ಅವುಗಳಲ್ಲಿ ಒಂದು ಪತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ತಾನು ದೂರದ ಊರಿನಲ್ಲಿ ಕೆಲಸಕ್ಕೆ ಸೇರಿರುವುದಾಗಿಯೂ, ಮೊದಲ ಸಂಬಳದಲ್ಲಿ 51 ರೂಪಾಯಿಗಳನ್ನು ಮನಿಯಾರ್ಡರಿನಲ್ಲಿ ಕಳುಹಿಸಿರುವುದಾಗಿಯೂ, ತಾನು ನೆಲದ ಮೇಲೆ ಕುಳಿತು ಓದಿದ ತರಗತಿಗೆ ಅದರಿಂದ ಒಂದು ಬೆಂಚಾದರೂ ಆಗಲೆಂದೂ ಒಬ್ಬ ಹಳೆಯ ವಿದ್ಯಾರ್ಥಿ ಬರೆದಿದ್ದಾರೆ. ನಿರಾಶ್ರಿತರಿಗಾಗಿ ಈಗ ಕಾಗದಕ್ಕೆ ಐದು ಪೈಸೆಯ ಚೀಟಿಯನ್ನು ಹೆಚ್ಚಾಗಿ ಹಚ್ಚಬೇಕಾಗಿದೆಯೆಂಬ ಒಂದು ಸಾಲೂ ಇದೆ. ಕೊನೆಯಲ್ಲಿ ‘ಇತಿ ತಮ್ಮ ಶಿಷ್ಯ’ ಎಂದಷ್ಟೇ ಇದೆ. ನಮ್ಮ ಚೀಟಿಗಳ ಪುಸ್ತಕದಲ್ಲಿ ನಿರಾಶ್ರಿತರ ಪರಿಹಾರದ ಐದು ಪೈಸೆಯ ಚೀಟಿಗಳು ನಾಲ್ಕು ಇದ್ದವು. ಯಾವುದು ಯಾವ ಪತ್ರದ್ದೆಂದು ಹೇಳುವ ಬಗೆಯಿರಲಿಲ್ಲ. ಒಂದನ್ನು ಮಾತ್ರ ಯಾರೋ ಹುಡುಗ ನೀರಿಗೆ ಹಾಕದೆ ಅಂಚಿನ ಕಾಗದದೊಡನೆ ಅಂಟಿಸಿದ್ದ. ಅದರ ಮೇಲೆ ಮೊಹರಿನ ಕೊನೆಯ ಭಾಗ ಉಳಿದಿತ್ತು. ಓದಿದರೆ ‘ಪುರ’ ಎಂಬ ಎರಡಕ್ಷರ. ನಮ್ಮ ದೇಶದಲ್ಲಿ ಪುರಗಳು ಎಷ್ಟು! ಊರಿನ ಹೆಸರಿನ ಪೂರ್ವಪದ ಕಸದ ಬುಟ್ಟಿಗೆ ಹೋಗಿತ್ತು. ಉತ್ತರಪದ ನನ್ನ ಕೈಯಲ್ಲಿತ್ತು. ದಾನಿಗಳ ಪಟ್ಟಿಯಲ್ಲಿ ಆ 51 ರೂಪಾಯಿಗಳ ಎದುರಿಗೆ ‘ಓರ್ವ ಶಿಷ್ಯ’ ಎಂದು ಬರೆಯಬೇಕಾಯಿತು.

ಲಕೋಟೆಯೆಂಬ ಪುಷ್ಪಿಕೆ

ಓಲೆಗರಿಯ ಪ್ರತಿಗಳನ್ನು ಕಂಡವರಿಗೆ ಪುಷ್ಪಿಕೆಯ ಬೆಲೆ ತಿಳಿದಿದೆ. ಕಾವ್ಯವು ಮುಗಿದ ಮೇಲೆ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ಇಂಥವರ ಓದಿಗಾಗಿ ಇಂಥವನು ಪ್ರತಿ ಮಾಡಿದನೆಂದು ಬರೆಯುವ ಒಂದೆರಡು ಸಾಲು ಅದು. ಕಾವ್ಯದ ಸೊಬಗಿಗೆ ಅದರಿಂದ ಏನೂ ಕೂಡುವುದಿಲ್ಲ. ಆದರೆ ಆ ಗರಿಯೊಂದು ಕಳೆದುಹೋದರೆ ಪ್ರತಿಯ ದೇಶಕಾಲಗಳು ಕಳೆದುಹೋಗುತ್ತವೆ. ಅಂಚೆಚೀಟಿಗೆ ಲಕೋಟೆಯು ಅಂತಹ ಪುಷ್ಪಿಕೆ.

ಪಯಣಿಸಿದ ಒಂದು ಲಕೋಟೆಯು ಎಷ್ಟು ಸಂಗತಿಗಳಿಗೆ ಸಾಕ್ಷಿಯೆಂಬುದನ್ನು ಎಣಿಸೋಣ. ಮೊದಲನೆಯದು ದರ: ಹಚ್ಚಿದ ಚೀಟಿಗಳ ಮೊತ್ತವು ಅಂದಿನ ಅಂಚೆಯ ವೆಚ್ಚವನ್ನು ಹೇಳುತ್ತದೆ. ಎರಡನೆಯದು ಕಾಲ ಮತ್ತು ಸ್ಥಳ: ಮೊಹರಿನ ವರ್ತುಲದೊಳಗೆ ಊರೂ ದಿನವೂ ಇರುತ್ತವೆ, ಆ ವರ್ತುಲವು ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳುವುದರಿಂದ ಎರಡನ್ನೂ ಬೇರ್ಪಡಿಸಿದರೆ ಎರಡೂ ಮೂಕವಾಗುತ್ತವೆ. ಮೂರನೆಯದು ಮಾರ್ಗ: ಲಕೋಟೆಯ ಬೆನ್ನಿನ ಮೇಲೆ ನಡುದಾರಿಯ ಅಂಚೆಕಚೇರಿಯ ಮೊಹರು, ರೈಲ್ವೆ ಅಂಚೆಯ ಮೊಹರು, ಬಟವಾಡೆಯ ಮೊಹರುಗಳು ಸಾಲಾಗಿ ಕುಳಿತಿರುತ್ತವೆ. ನಾಲ್ಕನೆಯದು ವಿಶೇಷ ಸಂಗತಿ: ನೋಂದಣಿಯ ಪಟ್ಟಿ, ದಂಡದ ಗುರುತು, ಯುದ್ಧಕಾಲದ ಪರಿಶೀಲಕರ ಮುದ್ರೆ, ‘ವಿಳಾಸದಾರರು ಊರಿನಲ್ಲಿಲ್ಲ’ ಎಂಬ ಅಂಚೆಯವನ ಕೈಬರಹ. ಐದನೆಯದು ವ್ಯಕ್ತಿ: ಯಾರು ಯಾರಿಗೆ ಬರೆದರೆಂಬುದು. ಕತ್ತರಿಯು ಒಂದು ಅಂಗುಲದ ಚಿತ್ರವನ್ನು ಉಳಿಸಿ ಈ ಐದನ್ನೂ ಕಳೆಯುತ್ತದೆ.

ಕೆಲವು ನಿದರ್ಶನಗಳು

ಜಗತ್ತಿನ ಮೊದಲ ಅಂಟು ಅಂಚೆಚೀಟಿಯಾದ ‘ಪೆನ್ನಿ ಬ್ಲ್ಯಾಕ್’ ಇಂಗ್ಲೆಂಡಿನಲ್ಲಿ 1840ರ ಮೇ 1ರಂದು ಮಾರಾಟಕ್ಕೆ ಬಂದಿತು. ಮೇ 6ರಿಂದ ಅದನ್ನು ಬಳಸಬೇಕೆಂದು ವಿಧಿಸಿದ್ದರು. ಅದನ್ನು ರದ್ದುಗೊಳಿಸಲು ಒತ್ತುತ್ತಿದ್ದ ಮಾಲ್ಟೀಸ್ ಶಿಲುಬೆಯಾಕಾರದ ಮುದ್ರೆಯಲ್ಲಿ ತಾರೀಖು ಇರಲಿಲ್ಲ. ತಾರೀಖಿನ ಮೊಹರನ್ನು ಕಾಗದದ ಮೇಲೆ ಬೇರೆಡೆ ಒತ್ತುತ್ತಿದ್ದರು. ಹೀಗಾಗಿ, ಅವಸರದ ಜನರು ಮೇ 2ರಂದೇ ಆ ಚೀಟಿಯನ್ನು ಬಳಸಿಬಿಟ್ಟಿದ್ದರೆಂಬುದು ನಮಗೆ ತಿಳಿದಿರುವುದು ಇಡಿಯಾಗಿ ಉಳಿದ ಕಾಗದಗಳಿಂದ. ಆ ಚೀಟಿಗಳು ಸುಮಾರು 6 ಕೋಟಿ 80 ಲಕ್ಷ ಅಚ್ಚಾಗಿದ್ದವು. ಬಿಡಿಚೀಟಿ ಅಷ್ಟೇನೂ ದುರ್ಲಭವಲ್ಲ. ಮೊದಲ ವಾರದ ತಾರೀಖನ್ನು ಹೊತ್ತ ಇಡಿಯ ಕಾಗದವು ದುರ್ಲಭ.

ಮಾರಿಷಸ್ ದ್ವೀಪದಲ್ಲಿ 1847ರಲ್ಲಿ ಒಂದು ಪೆನ್ನಿಯ ಮತ್ತು ಎರಡು ಪೆನ್ಸಿನ ಚೀಟಿಗಳು ತಲಾ 500ರಂತೆ ಅಚ್ಚಾದವು. ಆ ಎರಡೂ ಬೆಲೆಯ ಚೀಟಿಗಳು ಒಟ್ಟಿಗೆ ಇರುವ ಒಂದೇ ಒಂದು ಕಾಗದ ಉಳಿದಿದೆ. ಅದು ಫ್ರಾನ್ಸಿನ ಬೋರ್ಡೊ ನಗರದ ದ್ರಾಕ್ಷಾರಸದ ವರ್ತಕರಿಗೆ ಹೋದ ವ್ಯಾಪಾರದ ಪತ್ರ. ಒಂದು ಪೆನ್ನಿಯ ಎರಡು ಚೀಟಿಗಳನ್ನು ಹೊತ್ತ ಮತ್ತೊಂದು ಲಕೋಟೆ ನಮ್ಮ ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿಗೆ ಬಂದುದು. ಸಂಗ್ರಾಹಕರು ಇವೆರಡನ್ನೂ ಶಿರೋಮಣಿಗಳೆಂದು ಭಾವಿಸುವುದು ಚೀಟಿಯೂ ಪತ್ರವೂ ಅಗಲದೆ ಇರುವುದರಿಂದ.

ನಮ್ಮ ದೇಶಕ್ಕೆ ಬರೋಣ. 1852ರಲ್ಲಿ ಬಾರ್ಟಲ್ ಫ್ರೇರ್ ಎಂಬ ಅಧಿಕಾರಿಯು ಸಿಂಧ್ ಪ್ರಾಂತದಲ್ಲಿ ಹೊರಡಿಸಿದ ‘ಸಿಂಧ್ ಡಾಕ್’ ಏಷ್ಯಾ ಖಂಡದ ಮೊದಲ ಅಂಚೆಚೀಟಿ. ಅದರ ಕೆಂಪು ಬಗೆಯದು ಮುದ್ರೆಯ ಅರಗಿನಂತಹ ಬಿಲ್ಲೆಯ ಮೇಲೆ ಉಬ್ಬಿಸಿದುದು. ಮುಟ್ಟಿದರೆ ಬಿರಿಯುವ ವಸ್ತು. ಅಂತಹುದನ್ನು ಕಿತ್ತರೆ ಉಳಿಯುವುದು ಪುಡಿಯಷ್ಟೇ.

ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ನಮ್ಮ ದೇಶದ್ದೇ. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಅಲಹಾಬಾದಿನ ಪ್ರದರ್ಶನದಿಂದ ಯಮುನೆಯಾಚೆಯ ನೈನಿಗೆ ಸುಮಾರು 6,500 ಕಾಗದಗಳನ್ನು ಹೊತ್ತು ಹಾರಿದನು. ಪ್ರತಿ ಕಾಗದಕ್ಕೂ ಆರಾಣೆಯ ವಿಶೇಷ ಶುಲ್ಕವಿತ್ತು. ಆ ಹಣವು ಅಲಹಾಬಾದಿನ ಒಂದು ವಿದ್ಯಾರ್ಥಿ ನಿಲಯಕ್ಕೆ ಸಂದಿತು. ದಾನಿಗಳ ಬಲದಿಂದ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ನಾವು ಇದನ್ನು ವಿಶೇಷವಾಗಿ ನೆನೆಯತಕ್ಕದ್ದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಕಾಗದಗಳ ಮೇಲಿದ್ದವು ಅಂದು ಎಲ್ಲೆಡೆ ದೊರೆಯುತ್ತಿದ್ದ ಸಾಮಾನ್ಯ ಚೀಟಿಗಳೇ. ಅವು ಆಕಾಶದಲ್ಲಿ ಹಾರಿದವೆಂದು ಹೇಳುವುದು ವಿಮಾನದ ಚಿತ್ರವುಳ್ಳ ವಿಶೇಷ ಮೊಹರು. ಯಾರಾದರೂ ಅಂತಹ ಲಕೋಟೆಯಿಂದ ಚೀಟಿಯನ್ನು ನೆನೆಸಿ ಬಿಡಿಸಿದ್ದರೆ, ಜಗತ್ತಿನ ಇತಿಹಾಸದ ಒಂದು ಪುಟವನ್ನು ಕೊಟ್ಟು ಒಂದು ಕಾಸಿನ ಕಾಗದವನ್ನು ಕೊಂಡಂತಾಯಿತು.

ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ಹೊರಬಂದುದು 1947ರ ನವೆಂಬರ್ 21ರಂದು. ಆಗಸ್ಟ್ 15ರಂದು ನಮ್ಮಲ್ಲಿದ್ದುದು ಆರನೆಯ ಜಾರ್ಜ್ ದೊರೆಯ ಮುಖವುಳ್ಳ ಚೀಟಿಗಳು. ಆ ದಿನ ‘ಜೈ ಹಿಂದ್’ ಎಂಬ ಮೊಹರನ್ನು ಒತ್ತಲಾಯಿತು. ದೊರೆಯ ಮುಖದ ಪಕ್ಕದಲ್ಲಿಯೇ ‘ಜೈ ಹಿಂದ್’ ಎಂದು ನಿಂತ ಆ ಲಕೋಟೆಯನ್ನು ಒಮ್ಮೆ ನೋಡಿದ ವಿದ್ಯಾರ್ಥಿಗೆ ಅಧಿಕಾರ ಹಸ್ತಾಂತರವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಇನ್ನು, ಮೇಲೆ ಹೇಳಿದ ನಿರಾಶ್ರಿತರ ಚೀಟಿ. ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಜನರ ಪೋಷಣೆಗಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಲಕೋಟೆಯ ದರದ ಮೇಲೆ 5 ಪೈಸೆಯ ಚೀಟಿಯನ್ನು ಕಡ್ಡಾಯಗೊಳಿಸಿದ್ದರು. ಮೊದಲಿಗೆ ಚಲಾವಣೆಯಲ್ಲಿದ್ದ ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ಅಕ್ಷರಗಳನ್ನು ಒತ್ತಿದರು. ಅನೇಕ ಊರುಗಳಲ್ಲಿ ಸ್ಥಳೀಯವಾಗಿಯೇ ರಬ್ಬರಿನ ಮುದ್ರೆಯನ್ನು ಮಾಡಿಸಿ ಒತ್ತಿದರು. ಅದೇ ಡಿಸೆಂಬರಿನಲ್ಲಿ ಪ್ರತ್ಯೇಕ ಚಿತ್ರದ ಚೀಟಿ ಬಂದಿತು. ರಬ್ಬರಿನ ಮುದ್ರೆಯನ್ನು ಇಂದು ಯಾರು ಬೇಕಾದರೂ ಮಾಡಿಸಬಹುದು. ಆದುದರಿಂದ ಬಿಡಿಚೀಟಿಯ ಮೇಲಿನ ಅಕ್ಷರವನ್ನು ನಂಬುವುದು ಕಷ್ಟ. ಲಕೋಟೆಯ ಮೇಲೆ ಊರಿನ ಮೊಹರಿನೊಡನೆ ಇದ್ದರೆ ಅದಕ್ಕೆ ಸಾಕ್ಷ್ಯಬಲ ಬರುತ್ತದೆ. ನನ್ನ ‘ಓರ್ವ ಶಿಷ್ಯ’ರ ಪತ್ರದ ಕಾಲವನ್ನು ಈ ಹದಿನಾರೂವರೆ ತಿಂಗಳೊಳಗೆ ನಿಲ್ಲಿಸಲು ನನಗೆ ಸಾಧ್ಯವಾದುದು ಅವರು ಬರೆದ ಆ ಐದು ಪೈಸೆಯ ಮಾತಿನಿಂದ. ಬಾಹ್ಯ ಪ್ರಮಾಣವನ್ನು ನಾನೇ ನಾಶಪಡಿಸಿದ್ದೆ. ಆಂತರಿಕ ಪ್ರಮಾಣವು ದೈವವಶಾತ್ ಉಳಿದಿತ್ತು.

ಕನ್ನಡ ನಾಡಿನ ಮಾತನ್ನೂ ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಮೊದಲಾದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಯಿತು. ಆ ಸಂಸ್ಥೆಯು ಸ್ವಂತ ಅಂಟುಚೀಟಿಗಳನ್ನು ಬಳಕೆಗೆ ತರಲಿಲ್ಲ. ಕಾಗದದ ಮೇಲೆ ಒತ್ತಿದ ಮುದ್ರೆಗಳೇ ಅದರ ಕುರುಹು. ಚೀಟಿಯಿಲ್ಲದ ಹಳೆಯ ಕಾಗದವೆಂದು ಅದನ್ನು ಎಸೆದವನು ಎರಡು ಶತಮಾನಗಳಿಗೂ ಮೀರಿ ನಡೆದ ನಮ್ಮ ಅಂಚೆಯ ಸಾಕ್ಷ್ಯವನ್ನೇ ಎಸೆದನು.

ಕಾಪಾಡುವ ಕ್ರಮ

ಇನ್ನು ಆಚರಣೆಗೆ ಬರೋಣ. ಶಿಕ್ಷಕಬಂಧುಗಳು ಇವನ್ನು ವಿದ್ಯಾರ್ಥಿಗಳಿಗೆ ಕಲಿಸಬಹುದು.

1. ಮುಟ್ಟುವ ಮೊದಲು ಕೈ ತೊಳೆದು ಚೆನ್ನಾಗಿ ಒರಸಿಕೊಳ್ಳಬೇಕು. ಬೆವರು, ಎಣ್ಣೆ, ಕುಂಕುಮ, ವಿಭೂತಿಗಳ ಸೋಂಕು ಕಾಗದಕ್ಕೆ ಸಲ್ಲದು.

2. ಲಕೋಟೆಯನ್ನು ಒಡೆಯುವಾಗ ಬೆರಳಿನಿಂದ ಹರಿಯದೆ, ಚೀಟಿಯಿಲ್ಲದ ಕಡೆಯ ಅಂಚನ್ನು ಅಲಗಿನಿಂದ ನೀಟಾಗಿ ಬಿಡಿಸಬೇಕು. ಬೆನ್ನಿನ ಮೊಹರುಗಳ ಮೇಲೆ ಅಲಗು ಹಾಯದಂತೆ ನೋಡಿಕೊಳ್ಳಬೇಕು.

3. ಗುಂಡುಸೂಜಿ, ಸ್ಟೇಪಲ್ ತಂತಿ, ರಬ್ಬರ್ ಪಟ್ಟಿಗಳನ್ನು ತೆಗೆಯಬೇಕು. ಮೊದಲಿನ ಎರಡು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ. ರಬ್ಬರು ಬಿಸಿಲಕಾಲದಲ್ಲಿ ಕರಗಿ ಅಂಟಿಕೊಳ್ಳುತ್ತದೆ.

4. ಪಾರದರ್ಶಕ ಅಂಟುಪಟ್ಟಿಯಿಂದ ಹರಿದುದನ್ನು ಜೋಡಿಸಕೂಡದು. ಅದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಆ ಕಲೆ ಹೋಗುವುದಿಲ್ಲ. ಲ್ಯಾಮಿನೇಷನ್ ಮಾಡಿಸುವುದು ಅದಕ್ಕಿಂತಲೂ ಕೆಟ್ಟದ್ದು. ಅದು ರಕ್ಷಣೆಯಲ್ಲ, ಸಮಾಧಿ.

5. ಮೆತುವಾದ, ವಾಸನೆಯುಳ್ಳ ಪಿವಿಸಿ ಚೀಲಗಳಲ್ಲಿ ಇಡಬಾರದು; ಅವುಗಳಿಂದ ಒಸರುವ ದ್ರವ್ಯಗಳು ಶಾಯಿಯನ್ನೂ ಕಾಗದವನ್ನೂ ಕೆಡಿಸುತ್ತವೆ. ಪಾಲಿಯೆಸ್ಟರಿನ ತೆಳು ಚೀಲ, ಅಥವಾ ಆಮ್ಲರಹಿತ ಕಾಗದದ ಮಡಿಕೆ ಯೋಗ್ಯ. ಹಾಳೆಗೆ ಅಂಟಿಸದೆ, ಭಾವಚಿತ್ರಗಳಿಗೆ ಬಳಸುವ ಮೂಲೆಗಳಿಂದ ನಿಲ್ಲಿಸಬೇಕು.

6. ತೇವವು ನಮ್ಮ ನಾಡಿನಲ್ಲಿ ಮೊದಲ ವೈರಿ. ಗಾಳಿಯ ತೇವಾಂಶ ಶೇಕಡ 50ರ ಸುತ್ತ ಇದ್ದರೆ ಕ್ಷೇಮ. 65ನ್ನು ಮೀರಿದರೆ ಬೂಷ್ಟು ಹಿಡಿಯುತ್ತದೆ, ಕಂದುಚುಕ್ಕೆಗಳು ಏಳುತ್ತವೆ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡದೆ ಒಳಗೋಡೆಯ ಕಡೆ ಇಡಬೇಕು. ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು ಆಗಾಗ ಬದಲಿಸಬೇಕು. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ತೆರೆದು ಗಾಳಿಗೆ ಒಡ್ಡಬೇಕು. ನೇರ ಬಿಸಿಲು ಬಣ್ಣವನ್ನು ಕುಡಿಯುತ್ತದೆ.

7. ಓಲೆಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಹಚ್ಚಕೂಡದು. ಬೇವಿನೆಲೆಯನ್ನಾಗಲಿ ನುಸಿಗುಳಿಗೆಯನ್ನಾಗಲಿ ಲಕೋಟೆಗೆ ತಾಗುವಂತೆ ಇಡಬಾರದು.

8. ಒಳಗಿನ ಪತ್ರವನ್ನು ಎಸೆಯಬಾರದು, ಬೇರೆಡೆ ಇಡಲೂ ಬಾರದು. ಮಡಿಕೆ ಬಿಡಿಸಿ, ನಡುವೆ ಶುಭ್ರವಾದ ಆಮ್ಲರಹಿತ ಕಾಗದವನ್ನಿಟ್ಟು, ಲಕೋಟೆಯ ಬೆನ್ನಿಗೇ ಇರಿಸಬೇಕು. ಯಾರಿಂದ, ಯಾವಾಗ ದೊರೆಯಿತೆಂಬ ಟಿಪ್ಪಣಿಯನ್ನು ಲಕೋಟೆಯ ಮೇಲೆ ಬರೆಯದೆ ಬೇರೆ ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದಿಡಬೇಕು.

ವಿವೇಕದ ಮಾತು

ಹಾಗಾದರೆ ಚೀಟಿಯನ್ನು ಎಂದೂ ಬಿಡಿಸಲೇಬಾರದೆ ಎಂದು ಕೇಳಬಹುದು. ಹಾಗಿಲ್ಲ. ವ್ಯಾಪಾರಸಂಸ್ಥೆಗಳಿಂದ ಸಾವಿರಗಟ್ಟಲೆ ಬರುವ ಒಂದೇ ಬಗೆಯ ಇಂದಿನ ಲಕೋಟೆಗಳಿಂದ ಹುಡುಗರು ಚೀಟಿಗಳನ್ನು ತೆಗೆದುಕೊಳ್ಳಲಿ. ಆಗಲೂ ಮೊಹರು ತುಂಡಾಗದಂತೆ ಸುತ್ತ ಧಾರಾಳವಾಗಿ ಕಾಗದವನ್ನು ಬಿಟ್ಟು ಕತ್ತರಿಸಲಿ. ಆದರೆ ಲಕೋಟೆಯು ಹಳೆಯದಾಗಿದ್ದರೆ, ಕೈಬರಹದ ವಿಳಾಸವಿದ್ದರೆ, ಮೊಹರು ಸ್ಪಷ್ಟವಾಗಿದ್ದರೆ, ಸಾಮಾನ್ಯಕ್ಕೆ ಹೊರತಾದ ಯಾವುದೇ ಗುರುತಿದ್ದರೆ, ಕತ್ತರಿಯನ್ನು ಕೆಳಗಿಡಬೇಕು. ಸಂದೇಹ ಬಂದಲ್ಲಿಯೂ ಕೆಳಗಿಡಬೇಕು. ಇಡಿಯ ಲಕೋಟೆಯಿಂದ ಚೀಟಿಯನ್ನು ನಾಳೆಯೂ ಬಿಡಿಸಬಹುದು. ಬಿಡಿಸಿದ ಚೀಟಿಗೆ ಲಕೋಟೆಯನ್ನು ಮರಳಿ ಕೊಡಲು ಯಾರಿಂದಲೂ ಆಗದು.

ಪ್ರಥಮ ದಿನದ ಲಕೋಟೆಗಳನ್ನು ಕುರಿತೂ ಒಂದು ಮಾತು. 1967ರ ಮೇ 11ರಂದು ಬಸವೇಶ್ವರರ ಸ್ಮರಣೆಗಾಗಿ 15 ಪೈಸೆಯ ಅಂಚೆಚೀಟಿ ಹೊರಬಂದಿತು. ಆ ದಿನದ ಮೊಹರು ಹೊತ್ತ ಲಕೋಟೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರಿದ್ದಾರೆ, ಸಂತೋಷ. ಬಿಸಿಲು ತಾಗದ ಗೋಡೆಯಾಗಿರಲಿ. ಆದರೆ ಅದೇ ಚೀಟಿಯನ್ನು ಹಚ್ಚಿ ಒಬ್ಬ ತಂದೆ ಮಗನಿಗೆ ಶುಲ್ಕದ ವಿಷಯವಾಗಿ ಬರೆದ ಸಾದಾ ಲಕೋಟೆಯಿದ್ದರೆ, ಅದನ್ನು ಕೀಳೆಂದು ಭಾವಿಸಬಾರದು. ಮೊದಲನೆಯದನ್ನು ಉಳಿಸಬೇಕೆಂದೇ ಮಾಡಿದ್ದರು, ಆದುದರಿಂದ ಉಳಿಯಿತು. ಎರಡನೆಯದು ದುಡಿದು ಉಳಿದುದು. ಕಾಯಕದ ಮಾತನ್ನು ಬಲ್ಲ ನಮಗೆ ಈ ಭೇದವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಉಪಸಂಹಾರ

ನಿತ್ಯವೆಂದು ನಾವು ತಿಳಿದುದು ನೋಡನೋಡುತ್ತ ಇತಿಹಾಸವಾಗುತ್ತದೆ. ತಂತಿ ವ್ಯವಸ್ಥೆ 2013ರ ಜುಲೈ ತಿಂಗಳಲ್ಲಿ ಮುಗಿಯಿತು. ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಲಾಯಿತು. ನಿನ್ನೆಮೊನ್ನೆಯವರೆಗೆ ಮನೆಮನೆಗೆ ಬರುತ್ತಿದ್ದ ನೋಂದಣಿ ಲಕೋಟೆಯೂ ಇಂದು ಕಾಪಾಡತಕ್ಕ ವಸ್ತುವಾಗಿದೆ. ಕೈಯಿಂದ ಬರೆದ ಕಾಗದವೇ ವಿರಳವಾಗಿರುವಾಗ, ಉಳಿದಿರುವ ಒಂದೊಂದೂ ಅಮೂಲ್ಯ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ವಿನಂತಿ ಇಷ್ಟು: ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಈ ಶಾಲೆಯಿಂದ ಬಂದ, ಶಾಲೆಗೆ ಸಂಬಂಧಿಸಿದ ಪತ್ರಗಳಿದ್ದರೆ ಲಕೋಟೆಗಳೊಡನೆಯೇ ಕಾಪಾಡಿರಿ. ನಮ್ಮ ಉಗ್ರಾಣದಲ್ಲಿ ಉಳಿದ ಪತ್ರಗಳನ್ನು ಈಗ ಆಮ್ಲರಹಿತ ಮಡಿಕೆಗಳಲ್ಲಿ ಇರಿಸಿದ್ದೇನೆ. ಬಹುಮಾನ ಪಡೆದ ಆ ಚೀಟಿಗಳ ಪುಸ್ತಕವೂ ಅವುಗಳ ಪಕ್ಕದಲ್ಲಿದೆ. ಪ್ರತಿ ವರ್ಷ ಹವ್ಯಾಸ ಸಂಘದ ಹೊಸ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ತೋರಿಸಿ, ‘ಇದು ನಾನು ಮಾಡಿದ್ದು’ ಎಂದು ಹೇಳುತ್ತೇನೆ.

1971ರಿಂದ 1973ರ ನಡುವೆ, ‘ಪುರ’ವೆಂದು ಕೊನೆಗೊಳ್ಳುವ ಯಾವುದೋ ಊರಿನಿಂದಿರಬಹುದು, ಬೇರೆಡೆಯಿಂದಲೂ ಇರಬಹುದು, ಮೊದಲ ಸಂಬಳದಿಂದ ಒಂದು ಬೆಂಚಿಗಾಗಿ 51 ರೂಪಾಯಿಗಳನ್ನು ಕಳುಹಿಸಿದ ಶಿಷ್ಯರು, ಅಥವಾ ಅವರ ಮಕ್ಕಳು, ಈ ಸಂಚಿಕೆಯನ್ನು ಓದುತ್ತಿರಲೂಬಹುದು. ಹಾಗಿದ್ದಲ್ಲಿ ಶಾಲೆಗೆ ಒಂದು ಕಾಗದವನ್ನು ಬರೆಯಬೇಕೆಂದು ಕೈಮುಗಿದು ಬೇಡುತ್ತೇನೆ. ಪಟ್ಟಿಯಲ್ಲಿ ಅವರ ಹೆಸರಿಗೆ ಬಿಟ್ಟ ಸ್ಥಳ ಇನ್ನೂ ಖಾಲಿಯಾಗಿಯೇ ಇದೆ. ಈ ಸಲದ ಲಕೋಟೆಯನ್ನು ಯಾರೂ ಕತ್ತರಿಸುವುದಿಲ್ಲ.